ನಿವೃತ್ತಿಯವರೆಗೆ ಕಾಡು ಕಾದಿರಬೇಕೆ?

‘ಮೊದಲು ಬಡ್ತಿ ಬರಲಿ, ಮಕ್ಕಳ ಓದು ಒಂದು ಹಂತ ಮುಟ್ಟಲಿ, ಕಾಡು, ಹೊಳೆ ಎಂದು ಓಡಾಡುವುದು ಆಮೇಲೆ ಇದ್ದೇ ಇದೆ.’ ಶಿರಸಿ, ಸಾಗರ, ತೀರ್ಥಹಳ್ಳಿ, ಮೂಡಿಗೆರೆಗಳ ಕಾಲೇಜು ಅಧ್ಯಾಪಕರು, ಕೃಷಿ ಅಧಿಕಾರಿಗಳು, ಸಂಶೋಧನಾ ಕೇಂದ್ರಗಳ ವಿಜ್ಞಾನಿಗಳು ನಲವತ್ತು ದಾಟುತ್ತಿದ್ದಂತೆ ಆಡತೊಡಗುವ ಮಾತು ಇದು. ಆಡುವವರು ಕಾಡಿನ ವೈರಿಗಳೇನಲ್ಲ. ವಿದ್ಯಾರ್ಥಿ ದೆಸೆಯಲ್ಲಿ ಹಕ್ಕಿ ನೋಡಲು ನಸುಕಿನಲ್ಲೇ ಎದ್ದವರು, ಹೊಳೆ ಉಳಿಸುವ ಪಾದಯಾತ್ರೆಗಳಲ್ಲಿ ಕರಪತ್ರ ಹಂಚಿದವರು, ಇಂದಿಗೂ ಮನೆಯ ಕಪಾಟಿನಲ್ಲಿ ಸಸ್ಯಗಳ ಕೈಪಿಡಿ ಇಟ್ಟುಕೊಂಡವರು. ಆದರೆ ನಲವತ್ತರಿಂದ ಅರವತ್ತಕ್ಕೆ ಇಪ್ಪತ್ತು ಮಳೆಗಾಲಗಳಿವೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿಯಿತು. ಅದೇ ತಿಂಗಳ ಕೊನೆಗೆ ನೆರೆಯ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಯಾವ ಗುಡ್ಡವೂ ಯಾರದೇ ಬಡ್ತಿಯ ಆದೇಶಕ್ಕಾಗಿ ಕಾಯಲಿಲ್ಲ.

ಹಾಗೆಂದು ಈ ಮಧ್ಯವಯಸ್ಕರನ್ನು ಹೇಡಿಗಳೆಂದು ಜರೆಯುವುದು ಸುಲಭ, ಮತ್ತು ಅನ್ಯಾಯ. ಮನೆ ಕಟ್ಟಿದ ಸಾಲ, ಮಗಳ ಸಿಇಟಿ, ಹಾಸಿಗೆ ಹಿಡಿದ ತಂದೆ, ಎಲೆಚುಕ್ಕೆ ರೋಗಕ್ಕೆ ಸೊರಗಿದ ಅರ್ಧ ಎಕರೆ ಅಡಿಕೆ ತೋಟ, ಇವೆಲ್ಲ ನೆಪಗಳಲ್ಲ. ಪರಿಸರ ಚಳವಳಿಯ ವೇದಿಕೆಗಳು ಈ ವಿಷಯದಲ್ಲಿ ತಪ್ಪು ಮಾಡುತ್ತ ಬಂದಿವೆ. ನೌಕರಿಗೆ ರಾಜೀನಾಮೆ ಕೊಟ್ಟು ಬಂದವರಿಗೆ ಶಾಲು ಹೊದಿಸುವುದು, ನೌಕರಿಯಲ್ಲಿ ಉಳಿದವರನ್ನು ‘ಭಾನುವಾರದ ಪರಿಸರವಾದಿ’ ಎಂದು ಚುಚ್ಚುವುದು ಅಲ್ಲಿನ ರೂಢಿ. ಪೂರ್ಣಚಂದ್ರ ತೇಜಸ್ವಿಯವರು ನೌಕರಿಯ ಗೊಡವೆಗೆ ಹೋಗದೆ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ ಬರೆದದ್ದನ್ನು ಪ್ರತಿ ಭಾಷಣದಲ್ಲೂ ಉದಾಹರಿಸಲಾಗುತ್ತದೆ. ಕಾಫಿ ತೋಟವಿಲ್ಲದ ಅಧ್ಯಾಪಕನು ಏನನ್ನು ಬೆಳೆಯಬೇಕೆಂದು ಭಾಷಣಕಾರರು ಹೇಳುವುದಿಲ್ಲ. ತ್ಯಾಗವನ್ನು ಪ್ರವೇಶ ಶುಲ್ಕವಾಗಿ ಕೇಳುವ ಚಳವಳಿಗೆ ಹೊಟ್ಟೆ ತುಂಬಿದವರು ಮಾತ್ರ ಬರುತ್ತಾರೆ.

ದೊಡ್ಡ ತಪ್ಪು ಇರುವುದು ಬೇರೆಡೆ, ಬಡ್ತಿಯ ಅಂಕಪಟ್ಟಿಯಲ್ಲಿ. ವಿಶ್ವವಿದ್ಯಾಲಯ ಅನುದಾನ ಆಯೋಗವು 2010ರ ನಿಯಮಗಳ ಮೂಲಕ ಅಧ್ಯಾಪಕರ ಕೆಲಸವನ್ನು ಅಂಕಗಳಲ್ಲಿ ಅಳೆಯುವ ಪದ್ಧತಿಯನ್ನು ತಂದಿತು. 2018ರ ನಿಯಮಗಳಲ್ಲಿ ವಿಜ್ಞಾನ ಮತ್ತು ಕೃಷಿ ವಿಭಾಗಗಳ ಒಂದು ಸಂಶೋಧನಾ ಲೇಖನಕ್ಕೆ 8 ಅಂಕ, ಪಿಎಚ್.ಡಿ. ಮಾರ್ಗದರ್ಶನಕ್ಕೆ ಪದವಿಯೊಂದಕ್ಕೆ 10 ಅಂಕ. ಅಂಕ ಬೇಕಾದಲ್ಲಿ ಅಂಕ ಮಾರುವ ಅಂಗಡಿಯೂ ಏಳುತ್ತದೆ. ಹಣ ಕಟ್ಟಿದರೆ ವಾರದೊಳಗೆ ಲೇಖನ ಅಚ್ಚು ಮಾಡಿಕೊಡುವ ನಿಯತಕಾಲಿಕೆಗಳು ದೇಶದ ತುಂಬ ಹುಟ್ಟಿಕೊಂಡವು. 2018ರ ಮೇ ತಿಂಗಳಲ್ಲಿ ಆಯೋಗವೇ ತನ್ನ ಅನುಮೋದಿತ ಪಟ್ಟಿಯಿಂದ 4305 ನಿಯತಕಾಲಿಕೆಗಳನ್ನು ಕಿತ್ತುಹಾಕಬೇಕಾಯಿತು. ಅವುಗಳಲ್ಲಿ ಅಚ್ಚಾದ ಲೇಖನಗಳನ್ನು ಹಿಡಿದು ಬಡ್ತಿ ಪಡೆದವರ ಬಡ್ತಿ ಮಾತ್ರ ಭದ್ರವಾಗಿ ಉಳಿಯಿತು.

ಇದಕ್ಕೆ ಎದುರಾಗಿ ಮಲೆನಾಡಿನದೇ ಒಂದು ಕೆಲಸವನ್ನು ಇಟ್ಟು ನೋಡಬೇಕು. 2002ರ ಜೈವಿಕ ವೈವಿಧ್ಯ ಕಾಯಿದೆ ಮತ್ತು 2004ರ ಅದರ ನಿಯಮಗಳ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರವರೊಡನೆ ಕುಳಿತು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಬರೆಯಬೇಕು. ಊರಿನ ಭತ್ತದ ತಳಿಗಳು, ಅಪ್ಪೆಮಿಡಿಯ ಮರಗಳು, ಹೊಳೆಯ ಮೀನುಗಳು, ಮದ್ದಿನ ಬೇರುಗಳು, ಎಲ್ಲವೂ ಅದರಲ್ಲಿ ಸೇರಬೇಕು. ಬಹುಕಾಲ ಯಾರೂ ಬರೆಯಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದರೆ ದಂಡವೆಂದು ಎಚ್ಚರಿಸಿದ ಮೇಲೆ ಬರವಣಿಗೆ ಚುರುಕಾಯಿತು. ಗಡುವಿಗೆ ಹೆದರಿ ತರಾತುರಿಯಲ್ಲಿ ಬರೆದ ದಾಖಲೆ ಹೇಗಿರಬೇಕೋ ಹಾಗೆಯೇ ಇರುತ್ತದೆ: ಪಕ್ಕದ ಪಂಚಾಯಿತಿಯ ಪಟ್ಟಿಯ ನಕಲು, ಒಂದೇ ಗಿಡಕ್ಕೆ ಎರಡು ಹೆಸರು, ಎರಡು ಗಿಡಕ್ಕೆ ಒಂದೇ ಹೆಸರು. ಒಂದು ಪಂಚಾಯಿತಿಯ ದಾಖಲಾತಿಯನ್ನು ಸರಿಯಾಗಿ ಬರೆಯಲು ಸಸ್ಯಶಾಸ್ತ್ರ ಬಲ್ಲ ಒಬ್ಬ ಅಧ್ಯಾಪಕ, ಹತ್ತು ವಿದ್ಯಾರ್ಥಿಗಳು, ಕನಿಷ್ಠ ಒಂದು ವರ್ಷದ ಎಲ್ಲ ಋತುಗಳು ಬೇಕು. ಅಷ್ಟು ದುಡಿದ ಅಧ್ಯಾಪಕನಿಗೆ 2018ರ ಸಂಶೋಧನಾ ಅಂಕಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ಹೆಚ್ಚೆಂದರೆ ಬೇರೊಂದು ಪಟ್ಟಿಯಲ್ಲಿ, ವಿಸ್ತರಣಾ ಚಟುವಟಿಕೆಯಲ್ಲಿ ‘ಭಾಗವಹಿಸಿದ್ದಾರೆ’ ಎಂಬ ಷರಾ. 2025ರ ಜನವರಿಯಲ್ಲಿ ಆಯೋಗ ಹೊರಡಿಸಿದ ಕರಡು ನಿಯಮಗಳು ಅಂಕಗಳ ಬದಲು ಒಂಬತ್ತು ಬಗೆಯ ‘ಗಮನಾರ್ಹ ಕೊಡುಗೆ’ಗಳನ್ನು ಹೆಸರಿಸಿ, ಸಮುದಾಯ ಸೇವೆಯನ್ನೂ ಭಾರತೀಯ ಭಾಷೆಗಳಲ್ಲಿನ ಬೋಧನೆಯನ್ನೂ ಅವುಗಳಲ್ಲಿ ಸೇರಿಸಿದವು. ಕಾಗದದ ಮೇಲೆ ಒಳ್ಳೆಯದೇ. ಆದರೆ ಆಯ್ಕೆ ಸಮಿತಿಯಲ್ಲಿ ಕೂರುವವರು ಹೊಳೆಯ ಮೀನಿನ ಪಟ್ಟಿಯನ್ನು ಲೇಖನದಷ್ಟೇ ಗೌರವದಿಂದ ಓದುವ ಅಭ್ಯಾಸ ಮಾಡಿಕೊಳ್ಳದಿದ್ದರೆ ಆ ಸಾಲಿನಿಂದ ಫಲವಿಲ್ಲ.

ನಲವತ್ತರಲ್ಲಿ ಮತ್ತೆ ವಿದ್ಯಾರ್ಥಿಯಾಗುವವರ ಕಥೆಯೂ ಇದರೊಳಗೇ ಬರುತ್ತದೆ. ಸಹ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಬೇಕೆಂಬ ಕಾರಣಕ್ಕೆ ನೋಂದಾಯಿಸುವವರು ವಿಷಯ ಆರಿಸುವ ಬಗೆ ಎಲ್ಲರಿಗೂ ತಿಳಿದದ್ದೇ. ಮಾರ್ಗದರ್ಶಕರ ಪ್ರಯೋಗಾಲಯದಲ್ಲಿ ಯಾವ ರಾಸಾಯನಿಕ ಉಳಿದಿದೆಯೋ ಅದೇ ವಿಷಯ. ಮನೆಯ ಹಿತ್ತಿಲಲ್ಲೇ ಕಾನು ಇರುವ ವ್ಯಕ್ತಿ, ಎಂದೂ ಕಾಣದ ಊರಿನ ಮಣ್ಣಿನ ಮಾದರಿಗಳ ಮೇಲೆ ಪ್ರಬಂಧ ಬರೆಯುತ್ತಾನೆ; ರಜೆ ಸಾಲದೆ ರಾತ್ರಿಗಳನ್ನು ಸುಡುತ್ತಾನೆ; ಪದವಿ ಬಂದ ಮೇಲೆ ಪ್ರಬಂಧವನ್ನು ತಾನೇ ತೆರೆದು ನೋಡುವುದಿಲ್ಲ. ಮಧ್ಯವಯಸ್ಸಿನ ಓದು ಹೀಗೆಯೇ ಇರಬೇಕೆಂಬ ವಿಧಿಯೇನಿಲ್ಲ. ಉಲ್ಲಾಸ ಕಾರಂತರು 1971ರಲ್ಲಿ ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಕೆಲಕಾಲ ಎಂಜಿನಿಯರರಾಗಿ, ಕೃಷಿಕರಾಗಿ ಇದ್ದವರು. ಫ್ಲಾರಿಡಾ ವಿಶ್ವವಿದ್ಯಾಲಯದ ವನ್ಯಜೀವಿ ವಿಜ್ಞಾನದ ಸ್ನಾತಕೋತ್ತರ ಪದವಿ ಅವರಿಗೆ ದೊರೆತದ್ದು 1988ರಲ್ಲಿ, ನಲವತ್ತರ ಆಸುಪಾಸಿನಲ್ಲಿ; ಮಂಗಳೂರು ವಿಶ್ವವಿದ್ಯಾಲಯದ ಪಿಎಚ್.ಡಿ. 1993ರಲ್ಲಿ. ನಾಗರಹೊಳೆಯ ಹುಲಿಗಳ ಪಟ್ಟೆಗಳನ್ನು ಕ್ಯಾಮೆರಾದಲ್ಲಿ ಹಿಡಿದು ಎಣಿಕೆಯ ವಿಧಾನವನ್ನೇ ಬದಲಿಸಿದ ಕೆಲಸ ಆ ವಯಸ್ಸಿನದು. ಎಲ್ಲರಿಗೂ ಅಂಥ ಅವಕಾಶ ಸಿಗುವುದಿಲ್ಲ, ನಿಜ. ಆದರೆ ಅವರ ಓದಿನ ವಸ್ತು ಅವರು ಪ್ರೀತಿಸಿದ ಕಾಡೇ ಆಗಿತ್ತು ಎಂಬುದನ್ನು ಮರೆಯಬಾರದು.

ಊರಿನ ಕಾಡನ್ನು ಓದುವುದು ಎರಡನೆಯ ದರ್ಜೆಯ ವಿಜ್ಞಾನ ಎಂಬ ಭಾವನೆ ಎಲ್ಲಿಂದ ಬಂತೋ ತಿಳಿಯದು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ ಕೇರು ಮರದ ಕುಲಕ್ಕೆ ಸೇರಿದ ದೊಡ್ಡ ಮರವೊಂದು ಶತಮಾನಗಳಿಂದ ನಿಂತೇ ಇತ್ತು. ಅದು ವಿಜ್ಞಾನಕ್ಕೆ ಹೊಸ ಪ್ರಭೇದವೆಂದು ಗುರುತಾಗಿ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಹೆಸರು ಪಡೆದದ್ದು 2000ದಲ್ಲಿ. ಹೆಸರಿಟ್ಟ ಇಬ್ಬರಲ್ಲಿ ಒಬ್ಬರಾದ ಎಂ. ಎಚ್. ಸ್ವಾಮಿನಾಥ್ ಅರಣ್ಯಾಧಿಕಾರಿ, ಸರಕಾರಿ ನೌಕರಿಯಲ್ಲಿದ್ದೇ ಆ ಕೆಲಸ ಮಾಡಿದವರು. ಇನ್ನೂ ಹಿಂದಕ್ಕೆ ಹೋದರೆ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಪ್ರಕಟಿಸಿದ ವರದಿ ಕೃಷಿ ಇಲಾಖೆಯ ಒಂದು ಪ್ರಕಟಣೆ ಮಾತ್ರ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಿಗರು ಇಂದಿಗೂ ಪ್ರತಿ ಮಳೆಗಾಲದಲ್ಲಿ ಹೊಡೆಯುತ್ತಾರೆ. ಇಲಾಖೆಯ ಕಿರುಹೊತ್ತಿಗೆಗೆ 8 ಅಂಕ ಕೊಡುವ ಕಾಲಂ ಹುಡುಕುವ ಪಾಡು ಕೋಲ್ಮನ್ನರಿಗೆ ಬರಲಿಲ್ಲವೆಂಬುದು ಅಡಿಕೆ ಬೆಳೆಗಾರರ ಪುಣ್ಯ.

ಇದರಲ್ಲಿ ಹಳ್ಳಿಗರಿಗೆ ಏನು ಎಂದು ಕೇಳಬಹುದು. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದೊಳಗೆ ಯೋಜಿಸಿದ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೆ 2025ರಲ್ಲಿ ಅಹವಾಲು ಸಭೆಗಳು ನಡೆದವು. ಇಂಥ ಸಭೆಗಳಲ್ಲಿ ಒಂದು ಕಡೆ ಯೋಜನೆಯವರ ದಪ್ಪ ವರದಿ ಇರುತ್ತದೆ, ಇನ್ನೊಂದು ಕಡೆ ಊರವರ ಕಣ್ಣೀರು ಮತ್ತು ಕೋಪ. ಕೋಪವನ್ನು ನಡಾವಳಿಯಲ್ಲಿ ಒಂದು ವಾಕ್ಯವಾಗಿ ಬರೆದುಕೊಂಡು ಮುಂದೆ ಹೋಗುತ್ತಾರೆ. ಹತ್ತು ವರ್ಷಗಳ ಮಳೆಯ ಅಳತೆ, ಹಳ್ಳದ ಹರಿವಿನ ಲೆಕ್ಕ, ಮರಗಳ ಹೂಬಿಡುವ ಕಾಲದ ಪಟ್ಟಿ, ಗುರುತು ಹಿಡಿದು ಒಣಗಿಸಿಟ್ಟ ಸಸ್ಯ ಮಾದರಿ, ಇವುಗಳನ್ನು ಹಾಗೆ ದಾಟಿಹೋಗುವುದು ಕಷ್ಟ. ಅಂಥ ಲೆಕ್ಕವನ್ನು ಊರಿಗೆ ಕಟ್ಟಿಕೊಡಬಲ್ಲ ಜನ ಇದೇ ತಾಲ್ಲೂಕುಗಳಲ್ಲಿ ಸಂಬಳ ಪಡೆಯುತ್ತಿದ್ದಾರೆ. ತಮ್ಮ ಇಪ್ಪತ್ತು ಉತ್ತಮ ವರ್ಷಗಳನ್ನು ಬೇರೆಲ್ಲೋ ವ್ಯಯಿಸುತ್ತಿದ್ದಾರೆ.

ಆದ್ದರಿಂದ ಚಳವಳಿಯು ಇವರಿಂದ ರಾಜೀನಾಮೆಯನ್ನು ಕೇಳುವುದು ಬಿಟ್ಟು, ಇವರ ಪರವಾಗಿ ಒಂದು ಬೇಡಿಕೆಯನ್ನು ವಿಶ್ವವಿದ್ಯಾಲಯಗಳ ಮುಂದೆ ಇಡಬೇಕು. ಪರಿಣತರಿಂದ ಪರಿಶೀಲನೆಗೊಂಡ ಪಂಚಾಯಿತಿ ದಾಖಲಾತಿಯನ್ನು ಸಂಶೋಧನಾ ಪ್ರಕಟಣೆಗೆ ಸಮವೆಂದು ಎಣಿಸಬೇಕು, ಸೇವೆಯಲ್ಲಿರುವವರ ಪಿಎಚ್.ಡಿ.ಗೆ ಅವರು ಬದುಕುವ ತಾಲ್ಲೂಕಿನ ವಿಷಯವನ್ನು ಒಪ್ಪಲೇಬೇಕು. ಪ್ರಬಂಧದ ಸಾರಾಂಶವನ್ನು ಕನ್ನಡದಲ್ಲಿ ಆ ಊರಿನ ಗ್ರಾಮಸಭೆಗೆ ಒಪ್ಪಿಸದ ಹೊರತು ಪದವಿ ಕೊಡಬಾರದು. ಪರಿಶೀಲನೆ ಬಿಗಿಯಾಗಿಯೇ ಇರಲಿ. ಊರಿನ ಮೇಲಿನ ಅಭಿಮಾನಕ್ಕೆ ಅಂಕ ಕೊಡಬೇಕೆಂದು ಯಾರೂ ಕೇಳುತ್ತಿಲ್ಲ.

ವಿಶ್ವವಿದ್ಯಾಲಯಗಳು ಕಣ್ಣು ತೆರೆಯುವವರೆಗೆ ಕಾಯಬೇಕಾದ್ದೂ ಇಲ್ಲ. ಕೊನೆಯ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಹೇಗೂ ಕಿರು ಯೋಜನೆಯೊಂದು ಬೇಕಾಗುತ್ತದೆ. ಗ್ರಾಮ ಪಂಚಾಯಿತಿಯ ಕಪಾಟಿನಲ್ಲಿ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕವಿದೆಯೇ, ಇದ್ದರೆ ಅದರಲ್ಲಿ ಬರೆದ ಮರ ಊರಿನಲ್ಲಿದೆಯೇ, ಊರಿನಲ್ಲಿರುವ ಮರ ಅದರಲ್ಲಿದೆಯೇ ಎಂದು ಊರಿನ ಹಿರಿಯರನ್ನು ಕರೆದುಕೊಂಡು ಹೋಗಿ ತಾಳೆ ನೋಡಲು ಒಂದು ಅರ್ಜಿ, ಒಂದು ನೋಟುಬುಕ್ಕು ಸಾಕು. ಅರ್ಜಿಗೆ ಸಹಿ ಹಾಕುವ ಅಧ್ಯಾಪಕರು ಪ್ರತಿ ಕಾಲೇಜಿನಲ್ಲೂ ಒಬ್ಬರಾದರೂ ಇದ್ದಾರೆ. ನಲವತ್ತು ದಾಟಿದವರು, ಯಾರಾದರೂ ಬಂದು ಕೇಳಲಿ ಎಂದು ಕಾದಿರುವವರು.