ಮತ್ತೆ ನೋಡುವವರ ಪರವಾಗಿ

‘ಬೆಟ್ಟದ ಹೂವು’ ತೆರೆಗೆ ಬಂದು 40 ವರ್ಷ ದಾಟಿತು. ಆ ನೆಪದಲ್ಲಿ, ಅದರಲ್ಲಿ ಹುಡುಗ ರಾಮುವಾಗಿದ್ದ ಅಪ್ಪುವನ್ನು (ಪುನೀತ್ ರಾಜ್‌ಕುಮಾರ್) ನೆನೆದವರು ಬಹಳ. ಚಿತ್ರವನ್ನು ನೆನೆದವರು ಕಡಿಮೆ. ಅದನ್ನು ನಿರ್ದೇಶಿಸಿದ ಎನ್. ಲಕ್ಷ್ಮೀನಾರಾಯಣರ ಹೆಸರೆತ್ತಿದವರು ಇನ್ನೂ ಕಡಿಮೆ. ಇದಕ್ಕಿಂತ ಬೇಸರದ ಸಂಗತಿ ಬೇರೆಯೇ ಇದೆ. ದೊಡ್ಡವರು ಮಕ್ಕಳ ಚಿತ್ರಗಳನ್ನು ಪದೇ ಪದೇ ಹಾಕಿಕೊಂಡು ನೋಡುವುದೇ ಒಂದು ರೋಗಲಕ್ಷಣ ಎಂಬ ಧಾಟಿಯ ಮಾತು ನಮ್ಮ ವಿಮರ್ಶಕರಲ್ಲಿ ಚಾಲ್ತಿಗೆ ಬಂದಿದೆ. ಪಲಾಯನ, ಹಳಹಳಿಕೆ, ಬೆಳೆಯಲು ಒಲ್ಲದ ಮನಸ್ಸು ಎಂದು ಅವರು ಕೊಡುವ ಹೆಸರುಗಳಿಗೆ ಲೆಕ್ಕವಿಲ್ಲ. ಈ ಪತ್ರಿಕೆ ಆ ಮಾತನ್ನು ಒಪ್ಪುವುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಗಳ ಒಳಗನ್ನು ಬಲ್ಲವರು ಯಾರೂ ಒಪ್ಪಲಾರರು.

ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಇಲ್ಲಿನ ಯಾವುದಾದರೂ ಮನೆಗೆ ರಾತ್ರಿ ಊಟವಾದ ಮೇಲೆ ಬನ್ನಿ. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಹೆಂಗಸರು ಹಸಿ ಅಡಿಕೆ ಸುಲಿಯುತ್ತಿರುತ್ತಾರೆ. ಬುಟ್ಟಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ‘ಬೆಟ್ಟದ ಹೂವು’ ಓಡುತ್ತಿರುತ್ತದೆ. ಯಾರ ಕಣ್ಣೂ ಅದರ ಮೇಲಿರುವುದಿಲ್ಲ, ಕತ್ತಿಯಿಂದ ಕಣ್ಣು ತೆಗೆದರೆ ಬೆರಳು ಹೋಗುತ್ತದೆ. ಆದರೂ ರಾಮು ಬಾಯಿ ತೆರೆಯುವ ಮೊದಲೇ ಒಬ್ಬಾಕೆ ಅವನ ಮಾತನ್ನು ಹೇಳಿ ಮುಗಿಸುತ್ತಾಳೆ. ‘ನೀ ಸುಮ್ನಿರೇ ಮಾರಾಯ್ತಿ, ಅವ್ನು ಹೇಳ್ಲಿ’ ಎಂದು ಪಕ್ಕದವಳು ಗದರುತ್ತಾಳೆ. ಹೊಸ ಚಿತ್ರ ಹಾಕಿದರೆ ಕೆಲಸ ಸಾಗುವುದಿಲ್ಲ, ಅದು ಕಣ್ಣನ್ನೂ ಕೇಳುತ್ತದೆ. ಗೊತ್ತಿರುವ ಚಿತ್ರಕ್ಕೆ ಕಿವಿ ಸಾಕು. ಸುಲಿದ ಲೆಕ್ಕಕ್ಕೆ ಕೂಲಿ ಪಡೆಯುವ ಈ ಹೆಂಗಸರು ಯಾವುದರಿಂದ ಪಲಾಯನ ಮಾಡುತ್ತಿದ್ದಾರೆ? ಕೆಲಸ ಬಿಟ್ಟು ಓಡಿದವರಲ್ಲ ಅವರು. ಕೆಲಸದ ಜೊತೆಗೆ ರಾಮುವನ್ನೂ ಕೂರಿಸಿಕೊಂಡವರು.

ಇನ್ನು ಹದಿಹರೆಯದವರು. ದ್ವಿತೀಯ ಪಿಯುಸಿ ಪರೀಕ್ಷೆಯ ಹೊಸ್ತಿಲಲ್ಲಿರುವ ಹುಡುಗ ಹುಡುಗಿಯರು ಹಾಸ್ಟೆಲಿನಲ್ಲಿ ‘ಚಿನ್ನಾರಿ ಮುತ್ತ’ವನ್ನೋ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಚಿತ್ರವನ್ನೋ ಮತ್ತೊಮ್ಮೆ ನೋಡುತ್ತಾರೆ. ನೋಡಿದರೆ ಅಪ್ಪ ಅಮ್ಮ ಹೌಹಾರುತ್ತಾರೆ, ಮೇಷ್ಟ್ರು ಬೈಯುತ್ತಾರೆ. ಆ ಮಕ್ಕಳ ತಲೆಯ ಮೇಲೆ ಏನೆಲ್ಲ ಇದೆ ಎಂದು ಒಮ್ಮೆ ಯೋಚಿಸಿ. ಬೋರ್ಡ್ ಪರೀಕ್ಷೆ, ಅದರ ಬೆನ್ನಿಗೆ ನೀಟ್, ಸಿಇಟಿ. ಮನೆಯಲ್ಲಿ ಹಳದಿ ಎಲೆ ರೋಗಕ್ಕೆ ಬರಡಾದ ತೋಟ, ತೋಟ ನಂಬಿ ಮಾಡಿದ ಸಾಲ. ಇದರಲ್ಲಿ ಯಾವುದು ಹೇಗೆ ಮುಗಿಯುತ್ತದೆಂದು ಅವರಿಗೆ ಹೇಳಬಲ್ಲವರು ಯಾರೂ ಇಲ್ಲ. ಹೇಗೆ ಮುಗಿಯುತ್ತದೆಂದು ಖಚಿತವಾಗಿ ಗೊತ್ತಿರುವ ಒಂದೇ ಒಂದು ಸಂಗತಿಯ ಜೊತೆ ಎರಡು ತಾಸು ಕೂರುವುದು ಆ ವಯಸ್ಸಿನವರಿಗೆ ಸಲ್ಲಬೇಕಾದ ನ್ಯಾಯ. ಅದನ್ನು ಸೋಮಾರಿತನ ಎನ್ನುವವರಿಗೆ ತಮ್ಮ ಹದಿನೇಳನೆಯ ವಯಸ್ಸು ಮರೆತುಹೋಗಿರಬೇಕು.

ಕತೆ ಗೊತ್ತಿದ್ದೂ ಮತ್ತೆ ನೋಡುವುದು ಹೊಸ ಕಾಲದ ಚಟ ಎಂದು ಹೇಳುವವರು ಕನ್ನಡದ ಪ್ರೇಕ್ಷಕರನ್ನೇ ಅರಿತವರಲ್ಲ. ಅಭಿಮನ್ಯು ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲ ಎಂದು ಬಯಲಾಟಕ್ಕೆ ಕಂಬಳಿ ಹೊದ್ದು ಬಂದ ಪ್ರತಿಯೊಬ್ಬರಿಗೂ ಗೊತ್ತು. ಗೊತ್ತಿದ್ದೇ ಬೆಳಗಿನ ಜಾವದ ತನಕ ಕೂರುತ್ತಾರೆ. ಗಮಕಿಗಳು ಕುಮಾರವ್ಯಾಸನನ್ನು ಹಾಡುವಾಗ ಮುಂದಿನ ಪದ್ಯ ಬಾಯಿಗೆ ಬರುವ ಹಿರಿಯರೇ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅವರನ್ನು ನಾವು ರಸಿಕರು ಎನ್ನುತ್ತೇವೆ. ಶಾಲು ಹೊದಿಸಿ ಸನ್ಮಾನಿಸುತ್ತೇವೆ. ಮೂವತ್ತೈದರ ಹರೆಯದ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಬಾಳೆಹೊನ್ನೂರಿನ ಹುಡುಗ ‘ಚಿನ್ನಾರಿ ಮುತ್ತ’ವನ್ನು ಮತ್ತೆ ನೋಡಿದರೆ ಮಾತ್ರ ಬಾಲಿಶ ಎನ್ನುತ್ತೇವೆ. ಬಯಲಾಟದ ಪ್ರೇಕ್ಷಕನಿಗೆ ಒಂದು ನ್ಯಾಯ, ಮೊಬೈಲಿನ ಪ್ರೇಕ್ಷಕನಿಗೆ ಇನ್ನೊಂದು ನ್ಯಾಯ ಇರಲು ಸಾಧ್ಯವಿಲ್ಲ.

ಹಳಹಳಿಕೆಯ ಆರೋಪವಂತೂ ಈ ಚಿತ್ರಗಳನ್ನು ನೋಡದವರ ಆರೋಪ. ಸಮಾಧಾನಕ್ಕಾಗಿ ನೋಡುವುದೆಂದರೆ ಸಿಹಿ ಸುಳ್ಳು ಮೆಲ್ಲುವುದು ಎಂದು ಅವರು ತಿಳಿದಂತಿದೆ. ಕನ್ನಡಿಗರು ಮರಳಿ ಹೋಗುವ ಚಿತ್ರಗಳಲ್ಲಿ ಆ ಸಿಹಿ ಎಲ್ಲಿದೆ? ‘ಬೆಟ್ಟದ ಹೂವು’ ಚಿತ್ರದ ರಾಮು ಓದು ಬಿಟ್ಟು ದುಡಿಯಬೇಕಾಗಿ ಬಂದ ಬಡವರ ಮಗ. ಬೆಟ್ಟದಲ್ಲಿ ಹೂ ಹುಡುಕಿ ತಂದು, ಕಾಸಿಗೆ ಕಾಸು ಸೇರಿಸುತ್ತಾನೆ. ಕಡೆಗೆ ಆಸೆಪಟ್ಟ ಪುಸ್ತಕವನ್ನು ಬಿಟ್ಟು ಮನೆಯವರ ಚಳಿಗೆ ಕಂಬಳಿ ಕೊಳ್ಳುತ್ತಾನೆ. ಕುಂ. ವೀರಭದ್ರಪ್ಪನವರ ಕಥೆಯಿಂದ ನಾಗತಿಹಳ್ಳಿ ಚಂದ್ರಶೇಖರ್ ಮಾಡಿದ ‘ಕೊಟ್ರೇಶಿ ಕನಸು’ (1994) ದಲಿತ ಹುಡುಗನ ಓದಿನ ಹಂಬಲ ಎಷ್ಟು ಕಲ್ಲುಗಳಿಗೆ ಬಡಿಯುತ್ತದೆ ಎಂಬುದನ್ನು ತೋರಿಸುತ್ತದೆ. ನಾಗಾಭರಣರ ‘ಚಿನ್ನಾರಿ ಮುತ್ತ’ (1993) ಹಳ್ಳಿಯಿಂದ ನಗರಕ್ಕೆ ಬಿದ್ದ ಹುಡುಗನ ಕತೆ. ಇವುಗಳಲ್ಲಿ ಜನ ಹುಡುಕುವುದು ಕಳೆದುಹೋದ ಸುಖವನ್ನಲ್ಲ. ಜಡಿಮಳೆಯಲ್ಲಿ ಉಂಬಳ ಕಿತ್ತುಕೊಳ್ಳುತ್ತ ಮೈಲಿಗಟ್ಟಲೆ ನಡೆದು ಶಾಲೆಗೆ ಹೋದವರು, ನೆಂಟರ ಮನೆಯಲ್ಲಿ ಉಳಿದು ಓದಿದವರು, ತಮ್ಮನ ಫೀಸಿಗಾಗಿ ತಾವು ಓದು ಬಿಟ್ಟವರು ನಮ್ಮ ಮೂರೂ ತಾಲ್ಲೂಕುಗಳಲ್ಲಿದ್ದಾರೆ. ಅಂದು ಅವರ ಕಷ್ಟಕ್ಕೆ ಯಾರೂ ಬೆಲೆ ಕೊಡಲಿಲ್ಲ. ರಾಮುವಿನ ಕಷ್ಟಕ್ಕೆ ಚಿತ್ರ ಬೆಲೆ ಕೊಡುತ್ತದೆ. ತಮ್ಮದಕ್ಕೂ ಬೆಲೆಯಿತ್ತು ಎಂದು ತಿಳಿದುಕೊಳ್ಳುವುದರಲ್ಲಿ ಅವರ ಸಮಾಧಾನವಿದೆ.

ರಾಮು ಆಸೆಪಟ್ಟ ಆ ಪುಸ್ತಕ ‘ಶ್ರೀ ರಾಮಾಯಣ ದರ್ಶನಂ’. ಅದರ ಕವಿ ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ರಂದು. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ಮಹಾಕಾವ್ಯವನ್ನು ಒಬ್ಬ ಬಡ ಹುಡುಗನ ಕನಸಾಗಿ ಇಟ್ಟ ಚಿತ್ರ ಇದು. ಇದೇ ಲಕ್ಷ್ಮೀನಾರಾಯಣರು 1973ರಲ್ಲಿ ಕುವೆಂಪು ಅವರ ಮಗ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಕಥೆಯನ್ನೂ ಚಿತ್ರ ಮಾಡಿದ್ದರು. ಹೀಗೆ ಅಪ್ಪನ ಕಾವ್ಯಕ್ಕೂ ಮಗನ ಕಥೆಗೂ ತೆರೆಯ ಮೇಲೆ ಜಾಗ ಕೊಟ್ಟವರನ್ನು ಮಲೆನಾಡು ಮರೆತಿರುವುದು ನಾಚಿಕೆಗೇಡು. ‘ಬೆಟ್ಟದ ಹೂವು’ ಚಿತ್ರದ ಮೂಲ ಶೆರ್ಲಿ ಅರೋರಾ ಎಂಬ ಅಮೆರಿಕದ ಲೇಖಕಿಯ ಇಂಗ್ಲಿಷ್ ಕಾದಂಬರಿ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಮೂಲವೂ ರಾಬರ್ಟ್ ಬ್ರೌನಿಂಗನ ಇಂಗ್ಲಿಷ್ ಪದ್ಯ. ಮಕ್ಕಳ ಕತೆಗಳು ಎಲ್ಲಿಂದಲಾದರೂ ಬರಲಿ, ಬಂದ ಮೇಲೆ ಕನ್ನಡ ಮಾತಾಡಲಿ ಎಂಬುದು ಕುವೆಂಪು ನಡೆದು ತೋರಿಸಿದ ದಾರಿ.

ಈ ದಾರಿಯನ್ನು ಅರ್ಧ ಶತಮಾನ ಮುಚ್ಚಿದವರ ಬಗ್ಗೆ ಇಲ್ಲಿ ಹೇಳಲೇಬೇಕು. ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದರ ವಿರೋಧಕ್ಕೆ 1960ರ ದಶಕದಲ್ಲಿ ಕಾರಣವಿತ್ತು. ಆ ವಿರೋಧದ ಮುಂದಾಳುಗಳಾದ ಅನಕೃ, ಮ. ರಾಮಮೂರ್ತಿಯವರ ಕಾಲಕ್ಕೆ ಕನ್ನಡ ಚಿತ್ರರಂಗ ಇನ್ನೂ ಕೂಸು. ಆ ಹೋರಾಟಕ್ಕೆ ನಮ್ಮ ಗೌರವವಿದೆ. ಆದರೆ ಉದ್ಯಮ ಬೆಳೆದು ನಿಂತ ಮೇಲೂ ಅದೇ ಕಟ್ಟಳೆ ಮುಂದುವರಿಸಿ ಯಾರನ್ನು ಕಾಪಾಡಿದಿರಿ? ಮಕ್ಕಳ ಚಿತ್ರ ಮಾಡುವವರನ್ನೇ? ಕನ್ನಡದಲ್ಲಿ ಅವರು ಬೆರಳೆಣಿಕೆಯಷ್ಟೇ ಇದ್ದರು. ಅವರಿಗೆ ಪೈಪೋಟಿಯೇ ಇರಲಿಲ್ಲ, ಪರದೆಯೂ ಸಿಗುತ್ತಿರಲಿಲ್ಲ. ಇತ್ತ ಕೊಪ್ಪದ ಮಗು ಹಾಲಿವುಡ್ಡಿನ ಕಾರ್ಟೂನನ್ನು ಹಿಂದಿಯಲ್ಲೋ ತಮಿಳಿನಲ್ಲೋ ನೋಡಿ ಬೆಳೆಯಿತು. ಇವತ್ತು ಆ ಮಗು ದೊಡ್ಡದಾಗಿದೆ. ಮನಸ್ಸು ಕೆಟ್ಟಾಗ ಅದು ಮರಳಿ ಹೋಗುವ ಚಿತ್ರ ಹಿಂದಿಯಲ್ಲಿದೆ, ಇಂಗ್ಲಿಷಿನಲ್ಲಿದೆ. ಮನುಷ್ಯ ತನ್ನನ್ನು ತಾನು ಸಂತೈಸಿಕೊಳ್ಳುವ ಹೊತ್ತಿನಲ್ಲಿ ಅವನ ಹತ್ತಿರ ಕನ್ನಡ ಇಲ್ಲದಂತೆ ಮಾಡಿದ ಸಾಧನೆಗೆ ಕನ್ನಡ ಕಾವಲು ಎಂದು ಹೆಸರಿಡಬೇಡಿ.

ಇದಕ್ಕೆ ದೊಡ್ಡ ಸಾಕ್ಷಿ ನಮ್ಮ ಹಿತ್ತಲಲ್ಲೇ ಇದೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರೀಕರಿಸಿದ ಆಗುಂಬೆ ಶೃಂಗೇರಿಯಿಂದ ಒಂದು ತಾಸಿನ ದಾರಿಯೂ ಅಲ್ಲ. ಅದರ ಕಥಾನಾಯಕ ಸ್ವಾಮಿಯಾದ ಮಾಸ್ಟರ್ ಮಂಜುನಾಥ್ ಕನ್ನಡದ ಹುಡುಗ. ಅಪ್ಪನಾದವರು ಗಿರೀಶ್ ಕಾರ್ನಾಡ್, ಅಮ್ಮನಾದವರು ವೈಶಾಲಿ ಕಾಸರವಳ್ಳಿ. ಮಳೆ ನಮ್ಮದು, ಹೆಂಚಿನ ಮನೆ ನಮ್ಮದು, ಮುಖಗಳು ನಮ್ಮವು. ಮಾತು ಮಾತ್ರ ಹಿಂದಿ, ಇಲ್ಲವೇ ಇಂಗ್ಲಿಷ್. 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ಈ ಧಾರಾವಾಹಿ 2020ರ ಲಾಕ್‌ಡೌನ್ ಕಾಲಕ್ಕೆ ಟಿ.ವಿ.ಯಲ್ಲಿ ಕನ್ನಡಕ್ಕೆ ಡಬ್ ಆಗಿ ಬಂತು. ಊರು ಬಿಟ್ಟು ಹೋದ ಮಕ್ಕಳು ಊರಿಗೆ ಮರಳಿ, ಮುಂದೇನು ಎಂದು ತಿಳಿಯದೆ ಕೂತಿದ್ದ ದಿನಗಳವು. ಅಜ್ಜಿ, ಅಮ್ಮ, ಮೊಮ್ಮಗ ಒಂದೇ ಜಗಲಿಯಲ್ಲಿ ಕೂತು ಸ್ವಾಮಿಯ ಮಾತನ್ನು ತಮ್ಮ ಮಾತಿನಲ್ಲೇ ಕೇಳಿದರು. ಹಿಂದಿ ಬಾರದ ಅಜ್ಜಿ ಅಷ್ಟು ವರ್ಷ ಕೇಳಿಸಿಕೊಳ್ಳಲಾಗದ್ದನ್ನು ಆಗ ಕೇಳಿಸಿಕೊಂಡಳು. ಅಷ್ಟು ವರ್ಷ ಅವಳನ್ನು ಕಾಯಿಸಿದ್ದಕ್ಕೆ ಉತ್ತರ ಕೊಡಬೇಕಾದವರು ಇನ್ನೂ ಕೊಟ್ಟಿಲ್ಲ.

2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆದವರ ವಿರುದ್ಧ ಆದೇಶ ಕೊಟ್ಟಿತು. 2017ರಲ್ಲಿ ಸದ್ದು ಮಾಡಿ ತೆರೆಗೆ ಬಂದ ಡಬ್ಬಿಂಗ್ ಚಿತ್ರ ತಮಿಳಿನ ಪೊಲೀಸ್ ಸಾಹಸದ ‘ಸತ್ಯದೇವ್ ಐಪಿಎಸ್’. ಬಾಗಿಲು ತೆರೆಸಿದವರಿಗೂ ಮಕ್ಕಳ ನೆನಪಾಗಲಿಲ್ಲ ಎಂಬುದನ್ನು ಬರೆದಿಡಬೇಕು. ಈ ಜಗಳದ ಎರಡೂ ಬಣಗಳು ಟಿಕೆಟಿನ ಲೆಕ್ಕದಲ್ಲೇ ಮಾತಾಡಿದವು.

ಸರ್ಕಾರಗಳ ಕತೆ ಬೇರೆಯಲ್ಲ. 1955ರಲ್ಲಿ ಹುಟ್ಟಿದ ಮಕ್ಕಳ ಚಲನಚಿತ್ರ ಸಂಸ್ಥೆಯನ್ನು 2022ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮವಾದ ಎನ್‌ಎಫ್‌ಡಿಸಿಯಲ್ಲಿ ವಿಲೀನ ಮಾಡಿತು. ಮಕ್ಕಳಿಗೆಂದೇ ಇದ್ದ ಮನೆ ದೊಡ್ಡವರ ಮನೆಯ ಒಂದು ಕೋಣೆಯಾಯಿತು. ನಮ್ಮ ರಾಜ್ಯದಲ್ಲಿ ಸಬ್ಸಿಡಿಗೆಂದು, ಪ್ರಶಸ್ತಿಗೆಂದು ತಯಾರಾಗಿ ಯಾವ ಮಗುವೂ ನೋಡದೆ ಡಬ್ಬ ಸೇರುವ ಮಕ್ಕಳ ಚಿತ್ರಗಳಿವೆ. ಮಕ್ಕಳು ನೋಡಿದರೇ ಎಂದು ಕೇಳದೆ ಹಣ ಕೊಡುವ ಪದ್ಧತಿ ನಿಲ್ಲಬೇಕು. ರಿಷಬ್ ಶೆಟ್ಟಿಯವರ ಕಾಸರಗೋಡಿನ ಶಾಲೆಯ ಚಿತ್ರ 2018ರಲ್ಲಿ ಚಿತ್ರಮಂದಿರ ತುಂಬಿಸಿತು, ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಮಕ್ಕಳ ಚಿತ್ರ ಓಡುವುದಿಲ್ಲ ಎಂಬ ಗಾಂಧಿನಗರದ ಚಿತ್ರೋದ್ಯಮದ ನೆಪ ಅಲ್ಲಿಗೆ ಮುಗಿಯಬೇಕಿತ್ತು. ಕೇರಳದಿಂದ ಬಂದು ನೆಲೆಸಿದ ಕುಟುಂಬಗಳಿರುವ ನರಸಿಂಹರಾಜಪುರ ತಾಲ್ಲೂಕಿನಲ್ಲಿ, ಮನೆಯಲ್ಲಿ ಮಲಯಾಳ ಆಡಿ ಶಾಲೆಯಲ್ಲಿ ಕನ್ನಡ ಕಲಿತವರೂ ಈ ಚಿತ್ರವನ್ನು ಮತ್ತೆ ಮತ್ತೆ ನೋಡುತ್ತಾರೆ. ಗಡಿಯ ಜಗಳ ಅವರಿಗೆ ಮುಖ್ಯವಲ್ಲ. ತಾವು ಕಲಿತ ಶಾಲೆಯ ಬಾಗಿಲು ಮುಚ್ಚಬಾರದೆಂದು ಮಕ್ಕಳೇ ಎದ್ದು ನಿಲ್ಲುವುದು ಮುಖ್ಯ. ಮಕ್ಕಳ ಸಂಖ್ಯೆ ಕುಸಿದು ಶಾಲೆಗಳು ಒಂದೊಂದಾಗಿ ಬಡವಾಗುತ್ತಿರುವ ಮಲೆನಾಡಿಗೆ ಅದು ದೂರದ ಕತೆಯಲ್ಲ.

ಶೃಂಗೇರಿ ಎಂದರೆ ನಮ್ಮ ಚಿತ್ರ ವಿಮರ್ಶಕರಿಗೆ ‘ಸಂಸ್ಕಾರ’ ಚಿತ್ರೀಕರಣವಾದ ವೈಕುಂಠಪುರ ನೆನಪಾಗುತ್ತದೆ. ನೆನಪಾಗಲಿ, ಅದು 1970ರ ದೊಡ್ಡ ಚಿತ್ರ. ತೀರ್ಥಹಳ್ಳಿ ತಾಲ್ಲೂಕಿನವರಾದ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ ಹೊಸ ಜೀವ ಬಂದು 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆ ಕಂಡಾಗ ನಮಗೂ ಹೆಮ್ಮೆಯಾಯಿತು. ಆ ಚಿತ್ರದ ಕಣ್ಣು ನಾಣಿ ಎಂಬ ಹುಡುಗನ ಕಣ್ಣೇ ಅಲ್ಲವೇ? ದೊಡ್ಡವರ ಕತೆಯನ್ನು ಮಗುವಿನ ಕಣ್ಣಿಂದ ಹೇಳಿದರೆ ಕಲೆ, ಮಗುವಿನ ಕತೆಯನ್ನೇ ಹೇಳಿದರೆ ಎರಡನೇ ದರ್ಜೆ ಎಂಬ ತಾರತಮ್ಯವನ್ನು ನಮ್ಮ ವಿಮರ್ಶೆ ಕೈಬಿಡಬೇಕು. ‘ಬೆಟ್ಟದ ಹೂವು’, ‘ಚಿನ್ನಾರಿ ಮುತ್ತ’, ‘ಕೊಟ್ರೇಶಿ ಕನಸು’ ಚಿತ್ರಗಳಿಗೂ ಅದೇ ಶ್ರದ್ಧೆಯ ಪುನರುಜ್ಜೀವನ ಸಲ್ಲಬೇಕು. ರಾಜ್ಯದ ಚಲನಚಿತ್ರ ಅಕಾಡೆಮಿ ಅವುಗಳ ಒಳ್ಳೆಯ ಪ್ರತಿಗಳನ್ನು ತಾಲ್ಲೂಕು ಕೇಂದ್ರಗಳಿಗೂ ಶಾಲೆಗಳಿಗೂ ಮುಟ್ಟಿಸಬೇಕು. ಜಗತ್ತಿನ ಉತ್ತಮ ಮಕ್ಕಳ ಚಿತ್ರಗಳನ್ನು ಒಳ್ಳೆಯ ಕನ್ನಡಕ್ಕೆ ತರುವ ಕೆಲಸವನ್ನು ಕನ್ನಡ ಬಲ್ಲ ಲೇಖಕರಿಗೆ ಒಪ್ಪಿಸಬೇಕು. ಇದು ದಾನವಲ್ಲ, ಬಾಕಿ.

ಈ ಸಂಚಿಕೆಯಲ್ಲಿ ಮಕ್ಕಳ ಸಿನಿಮಾ ಕುರಿತ ಬರಹಗಳಿವೆ. ಎಲ್ಲ ಲೇಖಕರೂ ನಮ್ಮ ಮಾತನ್ನು ಒಪ್ಪಿಲ್ಲ, ಡಬ್ಬಿಂಗ್ ವಿಷಯದಲ್ಲಂತೂ ಇಬ್ಬರು ನೇರವಾಗಿ ನಮ್ಮ ಎದುರು ನಿಂತಿದ್ದಾರೆ. ಅವರನ್ನೂ ಓದಿ. ಆದರೆ ಒಂದು ವಿಷಯದಲ್ಲಿ ನಾವು ರಾಜಿಯಾಗುವುದಿಲ್ಲ. ದಿನವಿಡೀ ದುಡಿದು, ಪರೀಕ್ಷೆಗೆ ಹೆದರಿ, ಊರು ಬಿಟ್ಟು, ಮಕ್ಕಳನ್ನು ಕಳಿಸಿಕೊಟ್ಟು ಒಂಟಿಯಾದ ಮನುಷ್ಯ ತನಗೆ ಬಲ ಕೊಡುವ ಚಿತ್ರವನ್ನು ಹತ್ತನೆಯ ಸಲ ನೋಡುವಾಗ ಅವನ ವಯಸ್ಸು ಕೇಳುವ ಹಕ್ಕು ಯಾವ ವಿಮರ್ಶಕನಿಗೂ ಇಲ್ಲ. ವಿಮರ್ಶಕ ಕೇಳಬೇಕಾದ ಪ್ರಶ್ನೆ ಬೇರೆ: ಇಂದಿನ ಮಗು ಮುಂದೆ ದೊಡ್ಡದಾಗಿ ಸೋತು ಕೂತಾಗ ಮರಳಿ ಹೋಗಲು ಕನ್ನಡದಲ್ಲಿ ನಾವು ಏನನ್ನು ಮಾಡಿಟ್ಟಿದ್ದೇವೆ? ಅದಕ್ಕೆ ಉತ್ತರವಿದ್ದವರು ಬರೆಯಲಿ. ಮುಂದಿನ ಸಂಚಿಕೆಯ ಪುಟಗಳನ್ನು ಅವರಿಗಾಗಿ ಖಾಲಿ ಬಿಟ್ಟಿದ್ದೇವೆ.