15 ತುಂಬಿದರೂ ಮುಟ್ಟಾಗದಿದ್ದರೆ

ತಾಯಂದಿರೇ, ಅಕ್ಕ-ಅತ್ತಿಗೆಯರೇ, ಹೈಸ್ಕೂಲಿನ ಮೇಡಂಗಳೇ, ಊರಿನ ಆಶಾ ಕಾರ್ಯಕರ್ತೆಯರೇ,

ಮನೆಯ ಹುಡುಗಿ ದೊಡ್ಡವಳಾದರೆ ಚಿಗಳಿ ಕುಟ್ಟುತ್ತೇವೆ, ಸೋದರಮಾವನಿಗೆ ಹೇಳಿ ಕಳಿಸುತ್ತೇವೆ, ಆರತಿ ಎತ್ತುತ್ತೇವೆ. ಆಗದಿದ್ದರೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ‘ನಮ್ಮ ಕಡೆ ಎಲ್ಲರೂ ತಡವೇ’, ‘ಮದುವೆಯಾದರೆ ಸರಿಹೋಗುತ್ತೆ’ ಎನ್ನುತ್ತಲೇ ವರ್ಷ ತಳ್ಳಿ, ಮದುವೆಯನ್ನೂ ಮುಗಿಸಿ, ಆಮೇಲೆ ಸ್ಕ್ಯಾನಿಂಗಿಗೆ ಓಡುವವರಿದ್ದಾರೆ. ನನ್ನ ಮನವಿ ಇಷ್ಟೇ: 15 ತುಂಬಿದರೂ, ಅಥವಾ ಎದೆ ಮೂಡಿ 3 ವರ್ಷವಾದರೂ ಮುಟ್ಟಾಗದ ಹುಡುಗಿಯನ್ನು ಸ್ತ್ರೀರೋಗ ತಜ್ಞರಿಗೆ ತೋರಿಸಿ. ಹರಕೆ ಬೇಕಿದ್ದರೆ ಆಮೇಲೆ ತೀರಿಸಿ.

ಮುಟ್ಟಾಗದಿದ್ದರೂ ತಿಂಗಳಿಗೊಮ್ಮೆ ಕೆಳಹೊಟ್ಟೆ ಹಿಡಿದು ನರಳುವವಳಿದ್ದರೆ 15ರ ತನಕವೂ ಕಾಯಬೇಡಿ. ಕೆಲವರಲ್ಲಿ ಯೋನಿಯ ಬಾಯಲ್ಲಿರುವ ಪೊರೆ ಹುಟ್ಟಿನಿಂದಲೇ ಪೂರ್ತಿ ಮುಚ್ಚಿರುತ್ತದೆ. ಒಳಗೆ ಮುಟ್ಟಾಗುತ್ತಿರುತ್ತದೆ, ರಕ್ತಕ್ಕೆ ದಾರಿಯಿಲ್ಲ. ತಿಂಗಳು ತಿಂಗಳು ಅಲ್ಲೇ ತುಂಬಿಕೊಂಡು ಮೂತ್ರದ ದಾರಿಯನ್ನು ಒತ್ತುತ್ತದೆ. ಒಂದು ದಿನ ಮೂತ್ರವೇ ಕಟ್ಟಿ ಹುಡುಗಿ ಆಸ್ಪತ್ರೆ ಸೇರುತ್ತಾಳೆ. ಅಷ್ಟರೊಳಗೆ ಗ್ಯಾಸು, ಜಂತುಹುಳ, ಅಪೆಂಡಿಕ್ಸು ಎಂದೆಲ್ಲ ಔಷಧಿಯಾಗಿರುತ್ತದೆ. ಪರೀಕ್ಷಿಸಿ ನೋಡಿದರೆ ಅಲ್ಲಿ ನೀಲಿ ಛಾಯೆಯ ಉಬ್ಬು ಕಾಣುತ್ತದೆ. ಅರಿವಳಿಕೆ ಕೊಟ್ಟು ಸಣ್ಣದಾಗಿ ಕೊಯ್ದರೆ ಕಾಕಂಬಿಯಂಥ ಕಪ್ಪು ರಕ್ತ ಹೊರಬಂದು ನೋವು ಇಳಿಯುತ್ತದೆ. ‘ಪೊರೆ ಕೊಯ್ದರೆ ಕನ್ನೆತನ ಹೋಯಿತಲ್ಲ’ ಎಂದು ಹಿಂದೇಟು ಹಾಕುವ ಹಿರಿಯರೇ, ಹಾಗೇ ಬಿಟ್ಟರೆ ಹಾಳಾಗಬಹುದಾದದ್ದು ಅವಳ ಒಳಗಿನ ಅಂಗಾಂಗ.

ಇನ್ನು ಕೆಲವರಿಗೆ ಮುಟ್ಟೂ ಇಲ್ಲ, ಹೆಚ್ಚಿನವರಿಗೆ ನೋವೂ ಇಲ್ಲ. ಎದೆ, ಎತ್ತರ ಎಲ್ಲ ಸರಿಯಾಗಿದೆ. ಗರ್ಭಕೋಶ ಮಾತ್ರ ಬೆಳೆದಿಲ್ಲ, ಯೋನಿಯೂ ಗಿಡ್ಡ. ವೈದ್ಯರು ಇದನ್ನು ಎಂಆರ್‌ಕೆಎಚ್ ಎನ್ನುತ್ತಾರೆ. ಸುಮಾರು 5,000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ಭ್ರೂಣದಲ್ಲಿ ಎರಡು ನಾಳಗಳು ಕೂಡಿ ಗರ್ಭಕೋಶವಾಗಬೇಕಾದ ಹೊತ್ತಿನಲ್ಲೇ ಬೆಳವಣಿಗೆ ನಿಂತಿರುತ್ತದೆ. ತಾಯಿ ಗ್ರಹಣ ನೋಡಿದ್ದಕ್ಕಲ್ಲ, ಪಪ್ಪಾಯಿ ತಿಂದದ್ದಕ್ಕಲ್ಲ. ಅಂಡಾಶಯ ಬೇರೆಯಾಗಿಯೇ ಮೂಡುವುದರಿಂದ ಅದು ತನ್ನ ಕೆಲಸ ಮಾಡುತ್ತಿರುತ್ತದೆ. ಮೂತ್ರಪಿಂಡದ ಕತೆ ಬೇರೆ, ಕೆಲವರಿಗೆ ಒಂದೇ ಇರುತ್ತದೆ. ಸ್ಕ್ಯಾನಿಂಗಿನಲ್ಲಿ ಅದನ್ನೂ ನೋಡಲು ಹೇಳಿ. ಪರೀಕ್ಷೆಯೇ ಇಲ್ಲದೆ ‘ಮುಟ್ಟು ಬರಿಸುವ’ ಮಾತ್ರೆ ನುಂಗಿಸಬೇಡಿ. ಇಲ್ಲದ ಗರ್ಭಕೋಶಕ್ಕೆ ಮಾತ್ರೆ ಏನು ಮಾಡೀತು!

ಮದುವೆಯ ಮುಹೂರ್ತ ನೋಡಿ ಆಪರೇಷನ್ನಿಗೆ ಅವಸರಿಸುವುದೂ ಬೇಡ. ಯೋನಿಯನ್ನು ಹಿಗ್ಗಿಸಲು ಕತ್ತರಿಯಿಲ್ಲದ ಅಭ್ಯಾಸ ಕ್ರಮವೇ ಮೊದಲ ದಾರಿ, ಅದೂ ಅವಳಿಗೆ ಬೇಕೆನಿಸಿದಾಗ. ಅಂಡಾಣು ಅವಳದೇ ಇರುವುದರಿಂದ 2021ರ ಬಾಡಿಗೆ ತಾಯ್ತನ ಕಾಯ್ದೆಯಡಿ ವಿವಾಹಿತ ದಂಪತಿಗೆ ದಾರಿಯಿದೆ, ದತ್ತು ಇದೆ. 2017ರಲ್ಲಿ ಪುಣೆಯಲ್ಲಿ ಗರ್ಭಕೋಶದ ಕಸಿಯೂ ಆಯಿತು, ಮರುವರ್ಷವೇ ಮಗು ಹುಟ್ಟಿತು; ಅದು ಎಲ್ಲರ ಕೈಗೆಟುಕುವ ಚಿಕಿತ್ಸೆಯಲ್ಲ ಎಂಬುದನ್ನೂ ಹೇಳಲೇಬೇಕು.

ಇಂಥ ಹುಟ್ಟುದೋಷವಿದ್ದೂ ಮುಟ್ಟಾಗುವವರಿದ್ದಾರೆ: ಗರ್ಭಕೋಶದೊಳಗೆ ಅಡ್ಡಗೋಡೆ ಇರುವವರಿಗೆ ಮುಟ್ಟು ಸರಿಯಾಗಿಯೇ ಬರುತ್ತದೆ. ಮೇಲಿಂದ ಮೇಲೆ ಗರ್ಭಪಾತವಾದಾಗಲೇ ಅದು ಗೊತ್ತಾಗುವುದು ಹೆಚ್ಚು. ಅಂಥ ಸೊಸೆಯ ಕಾಲ್ಗುಣ ಎಣಿಸುವ ಬದಲು ತಪಾಸಣೆ ಮಾಡಿಸಿ.

ಮುಟ್ಟಾಗದ ಹುಡುಗಿಯ ವರದಿ ಬಂದಾಗ ಮೊದಲು ಅವಳಿಗೇ ಹೇಳಿ. ದೇಹ ಅವಳದು. ಗಂಡಿನ ಕಡೆಯವರಿಂದ ಮುಚ್ಚಿಟ್ಟು ಧಾರೆ ಎರೆದರೆ ಪೆಟ್ಟು ತಿನ್ನುವವಳೂ ಅವಳೇ.

ಆಶಾ ಅಕ್ಕಂದಿರೇ, ಮೇಡಂಗಳೇ, ಸರ್ಕಾರದ ಶುಚಿ ಯೋಜನೆಯ ಪ್ಯಾಡ್ ಹಂಚುವಾಗ ಒಂದು ಕೆಲಸ ಮಾಡಿ. ಎಲ್ಲರ ಜೊತೆ ಸಾಲಿನಲ್ಲಿ ನಿಂತು ಪ್ಯಾಕೆಟ್ ಇಸಿದುಕೊಂಡು, ಅದನ್ನು ಅಕ್ಕನಿಗೋ ಅಮ್ಮನಿಗೋ ಕೊಟ್ಟುಬಿಡುವ ಹತ್ತನೇ ಕ್ಲಾಸಿನ ಹುಡುಗಿ ಇರಬಹುದು. ಅವಳನ್ನು ಪಕ್ಕಕ್ಕೆ ಕರೆದು, ಒಬ್ಬಳನ್ನೇ ಕೂರಿಸಿಕೊಂಡು ಕೇಳಿ. ಹದಿಹರೆಯದವರಿಗೆಂದೇ ಇರುವ ಹತ್ತಿರದ ಸ್ನೇಹ ಕ್ಲಿನಿಕ್ಕಿಗೆ ಜೊತೆಯಲ್ಲಿ ಹೋಗಿಬನ್ನಿ.