ಗಡಿಯನ್ನರಿಯದ ಬೇನೆ

1956ಕ್ಕೆ ಮೊದಲು ಹರಿಹರದಲ್ಲಿ ತುಂಗಭದ್ರೆಯ ಈಚೆಯ ದಡವು ಮೈಸೂರು ಸೀಮೆ. ಆಚೆಯ ದಡವು ಮುಂಬಯಿ ಸೀಮೆ. ಆಳುವವರು ಬೇರೆಯಾದರೂ ಹೊಳೆ ಒಂದೇ. ಕಾಲರಾ ಬೇನೆಯೂ ಗಡಿಯನ್ನರಿಯದು. ರೋಗಿಯ ಮಲದಿಂದ ಅದರ ಕ್ರಿಮಿಯು ನೀರನ್ನು ಸೇರುವುದು. ಪ್ರಯಾಣಿಕನ ಹೊಟ್ಟೆಯಲ್ಲಡಗಿ ನೆರೆನಾಡಿಗೂ ನಡೆಯುವುದು. 1971ರಲ್ಲಿ ಪೂರ್ವ ಬಂಗಾಳದಿಂದ ಗಡಿ ದಾಟಿ ಬಂದ ನಿರಾಶ್ರಿತರಲ್ಲಿ ಈ ಬೇನೆ ಹಬ್ಬಿದಾಗ, ಬನ್‌ಗಾಂವ್‌ನಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸರು ಉಪ್ಪು, ಗ್ಲೂಕೋಸು ಬೆರೆಸಿದ ನೀರನ್ನು ಕುಡಿಸಿ ಬಹುಮಂದಿಯನ್ನು ಉಳಿಸಿದರು.

ಗಡಿಯಲ್ಲಿ ತಡೆಯಲಾಗದುದನ್ನು ಮನೆಯ ಕೊಡದಲ್ಲಿ ತಡೆಯಬಹುದು. ಆದಕಾರಣ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ನೀರನ್ನು ಕುದಿಸಿ ಕುಡಿಯಿರಿ. ಭೇದಿ ಕಂಡೊಡನೆ, ಕುದಿಸಿ ಆರಿಸಿದ 1 ಲೀಟರು ನೀರಿಗೆ ಮಟ್ಟಸವಾಗಿ 6 ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಕಲಸಿ ಕುಡಿಸುತ್ತ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.